ದಾದಿಯ ಹೆಗಲಿಗೆ ನಕ್ಷತ್ರ ಬಂದ ಬಗೆ

ಬೀದರ ಜಿಲ್ಲೆಯವರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ತರಬೇತಿ ನೆಲೆ ಅಲ್ಲಿಯೇ ಇರುವುದರಿಂದ ಹೊಲದಲ್ಲಿ ತೊಗರಿ ಬಿಡಿಸುವವರೂ ತಲೆಯೆತ್ತಿ ನೋಡದಷ್ಟು ಅದು ರೂಢಿಯಾಗಿದೆ. ಹುಮನಾಬಾದ್ ಸೀಮೆಯ ಬೇಮಳಖೇಡದಂಥ ಊರಿನಲ್ಲಿ ಪಿಯುಸಿ ವಿಜ್ಞಾನ ಓದುತ್ತಿರುವ ಹುಡುಗಿಯೊಬ್ಬಳು ನರ್ಸ್ ಆಗಬೇಕು, ಅದೂ ಸೈನ್ಯದಲ್ಲಿ ಅಧಿಕಾರಿಯಾಗಿ ಸೇರಬೇಕು ಎಂದುಕೊಂಡರೆ ಅವಳ ಮೊದಲ ಪ್ರಶ್ನೆ ಸಹಜವಾಗಿಯೇ ಹೀಗಿರುತ್ತದೆ: ಭೂಸೇನೆಯೋ, ನೌಕಾಪಡೆಯೋ, ವಾಯುಪಡೆಯೋ? ಯಾವುದನ್ನು ಆರಿಸಿಕೊಳ್ಳಬೇಕು?

ಅಮೆರಿಕದಲ್ಲಾಗಲಿ ಬ್ರಿಟನ್ನಿನಲ್ಲಾಗಲಿ ಈ ಪ್ರಶ್ನೆಗೆ ಅರ್ಥವಿದೆ. ಅಲ್ಲಿ ಮೂರು ಪಡೆಗಳಿಗೂ ಬೇರೆ ಬೇರೆ ಶುಶ್ರೂಷಾ ದಳಗಳಿವೆ. ಭಾರತದಲ್ಲಿ ಇದಕ್ಕೆ ಅರ್ಥವಿಲ್ಲ. ಇಲ್ಲಿರುವುದು ಒಂದೇ ದಳ, ಮಿಲಿಟರಿ ನರ್ಸಿಂಗ್ ಸರ್ವಿಸ್. ಇದಕ್ಕೆ ಸೇರಿದವರನ್ನು ಕಾಶ್ಮೀರದ ಸೇನಾ ಆಸ್ಪತ್ರೆಗೂ ಕಳುಹಿಸಬಹುದು, ಮುಂಬಯಿಯ ನೌಕಾ ಆಸ್ಪತ್ರೆ ಅಶ್ವಿನಿಗೂ ಕಳುಹಿಸಬಹುದು, ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಗೂ ಕಳುಹಿಸಬಹುದು. ಎಲ್ಲಿ ಕೆಲಸ ಮಾಡಿದರೂ ಅವರ ಪದವಿ ಮಾತ್ರ ಭೂಸೇನೆಯ ರೀತಿಯದೇ: ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್. ಹೀಗೇಕಾಯಿತು ಎಂದು ತಿಳಿಯಲು ನೂರಮೂವತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು.

ಹತ್ತು ಮಂದಿ ಬಂದಿಳಿದರು

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಸೈನಿಕನ ಶುಶ್ರೂಷೆ ಯಾರ ಕೆಲಸವೂ ಆಗಿರಲಿಲ್ಲ. ಪಡೆಯಲ್ಲಿ ಬೇರೆ ಕೆಲಸಕ್ಕೆ ಬಾರದವನನ್ನು ಆಸ್ಪತ್ರೆಯ ಆಳಾಗಿ ನೇಮಿಸುವುದು ರೂಢಿ. 1854ರ ನವೆಂಬರಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಗೆ ಹೋದ ಮೇಲೆ ಈ ನೋಟ ಬದಲಾಗತೊಡಗಿತು. ಆಕೆ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿನ ಸೈನ್ಯದ ಆರೋಗ್ಯದ ಬಗೆಗೆ ಜೀವಮಾನವಿಡೀ ಬರೆದಳು. ಆಕೆಯ ಒತ್ತಾಯದಿಂದ ರಚಿತವಾದ ರಾಯಲ್ ಕಮಿಷನ್ 1863ರಲ್ಲಿ ಕೊಟ್ಟ ವರದಿಯ ಪ್ರಕಾರ, ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಗುಂಡಿಗೆ ಬಲಿಯಾದವರು ಸ್ವಲ್ಪ. ಕಾಲರಾ, ಜ್ವರ, ಆಮಶಂಕೆಗಳಿಗೆ ಸಿಕ್ಕವರೇ ಹೆಚ್ಚು.

ಅಷ್ಟಾದರೂ ದಾದಿಯರು ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. ಸೇನಾಧಿಪತಿ ರಾಬರ್ಟ್ಸ್ ಅವರ ಪತ್ನಿ ಈ ವಿಷಯದಲ್ಲಿ ಸರ್ಕಾರದ ಬೆನ್ನುಹತ್ತಿದರು. 1888ರ ಮಾರ್ಚ್ 28ರಂದು ಹತ್ತು ಮಂದಿ ತರಬೇತಾದ ಬ್ರಿಟಿಷ್ ದಾದಿಯರು ಮುಂಬಯಿಯಲ್ಲಿ ಹಡಗಿನಿಂದ ಇಳಿದರು. ಅವರ ಮುಂದಾಳುಗಳಲ್ಲಿ ಒಬ್ಬಳಾದ ಕ್ಯಾಥರೀನ್ ಗ್ರೇಸ್ ಲಾಕ್ ರಾವಲ್ಪಿಂಡಿಯಲ್ಲಿ ಕೆಲಸ ಆರಂಭಿಸಿದಳು. ಭಾರತದ ಸೈನಿಕ ಶುಶ್ರೂಷೆಯ ಚರಿತ್ರೆ ಇಲ್ಲಿಂದ ಶುರುವಾಗುತ್ತದೆ. 1893ರಲ್ಲಿ ಈ ಸಣ್ಣ ಗುಂಪಿಗೆ ಇಂಡಿಯನ್ ಆರ್ಮಿ ನರ್ಸಿಂಗ್ ಸರ್ವಿಸ್ ಎಂಬ ಹೆಸರು ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದಕ್ಕೆ ರಾಣಿ ಅಲೆಕ್ಸಾಂಡ್ರಾಳ ಹೆಸರು ಸೇರಿಕೊಂಡಿತು.

ಇವರ ಸೇವೆ ಬ್ರಿಟಿಷ್ ಸೈನಿಕರಿಗೆ ಮೀಸಲಾಗಿತ್ತು ಎಂಬುದನ್ನು ಮರೆಯಬಾರದು. ಭಾರತೀಯ ಸಿಪಾಯಿಗೆ ಇದ್ದದ್ದು ರೆಜಿಮೆಂಟಿನ ಪುಟ್ಟ ಆಸ್ಪತ್ರೆ. ಹಾಸಿಗೆ, ಊಟ ಎಷ್ಟೋ ವೇಳೆ ಅವನದೇ ಹೊಣೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯರನ್ನು ಇಂಗ್ಲೆಂಡಿನ ಬ್ರೈಟನ್ ಪಟ್ಟಣದ ಆಸ್ಪತ್ರೆಗಳಿಗೆ ಸಾಗಿಸಿದಾಗ ಒಂದು ವಿಚಿತ್ರ ತೊಡಕು ಎದ್ದಿತು. ಬಿಳಿಯ ಹೆಣ್ಣುಮಕ್ಕಳು ಕರಿಯ ಸಿಪಾಯಿಗಳ ಮೈಮುಟ್ಟಿ ಆರೈಕೆ ಮಾಡುವುದು ಸೇನಾ ಅಧಿಕಾರಿಗಳಿಗೆ ಒಪ್ಪಿಗೆಯಾಗಲಿಲ್ಲ. ದಾದಿಯರನ್ನು ಮೇಲ್ವಿಚಾರಣೆಗಷ್ಟೇ ಇಟ್ಟುಕೊಂಡು, ಗಾಯ ತೊಳೆಯುವ, ಪಟ್ಟಿ ಕಟ್ಟುವ ಕೆಲಸವನ್ನು ಗಂಡಾಳುಗಳಿಗೆ ವಹಿಸಲಾಯಿತು. ಯಾರು ಯಾರನ್ನು ಮುಟ್ಟಬೇಕು ಎಂಬ ಚಿಂತೆ ನಮ್ಮ ಊರುಕೇರಿಗಳದಷ್ಟೇ ಅಲ್ಲ, ಸಾಮ್ರಾಜ್ಯದ್ದೂ ಆಗಿತ್ತು!

ಭಾರತೀಯ ದಾದಿಯ ಪ್ರವೇಶ

ಆದರೆ ಯುದ್ಧ ಯಾವ ಮಡಿಯನ್ನೂ ಬಹುಕಾಲ ಉಳಿಸುವುದಿಲ್ಲ. 1914ರಲ್ಲಿ ಮೊಟ್ಟಮೊದಲಿಗೆ ಭಾರತದಲ್ಲಿಯೇ ದಾದಿಯರನ್ನು ತಾತ್ಕಾಲಿಕವಾಗಿ ಸೇರಿಸಿಕೊಳ್ಳಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, ಭಾರತೀಯ ಸೈನಿಕರಿಗೂ ವ್ಯವಸ್ಥಿತ ಆಸ್ಪತ್ರೆಗಳು ಆರಂಭವಾದವು. ಆಸ್ಪತ್ರೆ ಬಂದ ಮೇಲೆ ದಾದಿಯರು ಬೇಡವೆ? 1926ರ ಅಕ್ಟೋಬರ್ 1ರಂದು ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್ ಕಾಯಂ ದಳವಾಗಿ ಸ್ಥಾಪನೆಗೊಂಡಿತು. ಇಂದಿಗೂ ಈ ದಳ ಅಕ್ಟೋಬರ್ 1ನ್ನೇ ತನ್ನ ಸ್ಥಾಪನಾ ದಿನವೆಂದು ಆಚರಿಸುತ್ತದೆ.

ಸೇರಲು ಜನ ಎಲ್ಲಿದ್ದರು ಎಂಬುದು ಬೇರೆಯ ಪ್ರಶ್ನೆ. ಅನ್ಯರ ಮಲಮೂತ್ರ, ರಕ್ತ, ಕೀವು ಮುಟ್ಟುವ ಕೆಲಸವನ್ನು ನಮ್ಮ ಸಮಾಜ ಕೀಳೆಂದು ಭಾವಿಸಿತ್ತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಯಾವ ಕಾಯಕವೂ ಕೀಳಲ್ಲವೆಂದು ಸಾರಿದ್ದು ಬೇಮಳಖೇಡಕ್ಕೆ ದೂರವಲ್ಲದ ಇದೇ ಕಲ್ಯಾಣದಲ್ಲಿ. ವೈದ್ಯ ಸಂಗಣ್ಣನಂಥವರು ಆ ಶರಣರ ನಡುವೆ ಇದ್ದರು. ಆ ಮಾತು ನಡೆಯಲ್ಲಿ ಉಳಿದದ್ದು ಕಡಿಮೆ. ಮನೆತನದ ಹೆಣ್ಣುಮಗಳು ರಾತ್ರಿ ಪಾಳಿಯಲ್ಲಿ ಪರಗಂಡಸರ ವಾರ್ಡಿನಲ್ಲಿ ಇರುವುದನ್ನು ಹೆಚ್ಚಿನ ಕುಟುಂಬಗಳು ಊಹಿಸಲೂ ಸಿದ್ಧವಿರಲಿಲ್ಲ. ಹೀಗಾಗಿ ಬಹುಕಾಲ ಈ ವೃತ್ತಿಗೆ ಬಂದವರಲ್ಲಿ ಮಿಷನ್ ಆಸ್ಪತ್ರೆಗಳಲ್ಲಿ ಕಲಿತ ಕ್ರೈಸ್ತ ಹೆಣ್ಣುಮಕ್ಕಳೂ ಆಂಗ್ಲೋ ಇಂಡಿಯನ್ನರೂ ಹೆಚ್ಚು. 1946ರ ಭೋರ್ ಸಮಿತಿಯ ಲೆಕ್ಕ ಈ ಕೊರತೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಮೂವತ್ತು ಕೋಟಿ ಜನಕ್ಕೆ ಇದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬಳು!

ಈ ಕೊರತೆಯೇ ದಾದಿಗೆ ಅಧಿಕಾರ ತಂದುಕೊಟ್ಟಿತು. ಎರಡನೆಯ ಮಹಾಯುದ್ಧ ಬರ್ಮಾದ ಗಡಿಗೆ ಬಂದು ನಿಂತಿತ್ತು. ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದವು. ಇದ್ದ ಕೆಲವೇ ನರ್ಸುಗಳನ್ನು ಸೆಳೆಯಬೇಕಾದರೆ ಸಂಬಳದ ಜೊತೆಗೆ ಗೌರವವನ್ನೂ ಕೊಡಬೇಕಾಗಿತ್ತು. 1943ರಲ್ಲಿ ಹೊರಟ ಸುಗ್ರೀವಾಜ್ಞೆಯೊಂದು ಈ ದಳದ ಸದಸ್ಯರೆಲ್ಲರೂ ಕಮಿಷನ್ ಪಡೆದ ಅಧಿಕಾರಿಗಳು ಎಂದು ಸಾರಿತು. ಯುದ್ಧದ ಅವಸರದಲ್ಲಿ ಹುಟ್ಟಿದ ಆ ಸುಗ್ರೀವಾಜ್ಞೆ ಸ್ವಾತಂತ್ರ್ಯಾನಂತರವೂ ದಳದ ಮೂಲ ಕಾನೂನಾಗಿ ಮುಂದುವರಿಯಿತು.

ಹೆಗಲ ಮೇಲಿನ ನಕ್ಷತ್ರದಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅದು ಅಲಂಕಾರವಲ್ಲ. ಸೈನ್ಯದ ವಾರ್ಡಿನಲ್ಲಿ ಮಲಗಿರುವವನೂ ಸೈನಿಕ, ನೆರವಿಗಿರುವ ನರ್ಸಿಂಗ್ ಅಸಿಸ್ಟೆಂಟನೂ ಸೈನಿಕ. ಪದವಿಯಿಲ್ಲದವರ ಮಾತು ಅಲ್ಲಿ ಕೋರಿಕೆಯಾಗುತ್ತದೆ. ಅಧಿಕಾರಿಯ ಮಾತು ಆಜ್ಞೆಯಾಗುತ್ತದೆ. ರೋಗಿ ಹಾಸಿಗೆ ಬಿಟ್ಟು ಏಳಕೂಡದು, ಈ ಕೋಣೆಗೆ ಯಾರೂ ಬರಕೂಡದು ಎಂದು ಹೇಳಿದರೆ ಅದು ನಡೆಯಬೇಕು. ನಡೆಯದಿದ್ದರೆ ಜೀವ ಹೋಗಬಹುದು.

ಮೂರು ಪಡೆ, ಒಂದು ದಳ

ಬ್ರಿಟನ್ನಿನ ನೌಕಾಪಡೆಗೆ 1902ರಿಂದಲೇ ರಾಣಿ ಅಲೆಕ್ಸಾಂಡ್ರಾಳ ಹೆಸರಿನ ಪ್ರತ್ಯೇಕ ಶುಶ್ರೂಷಾ ದಳವಿತ್ತು. ವಾಯುಪಡೆ ಹುಟ್ಟಿದ 1918ರಲ್ಲಿಯೇ ಅದರ ದಾದಿಯರ ದಳವೂ ಹುಟ್ಟಿತು. ಅಮೆರಿಕದಲ್ಲಿ ಭೂಸೇನೆಯ ದಳ 1901ರಲ್ಲಿ, ನೌಕಾಪಡೆಯದು 1908ರಲ್ಲಿ, ವಾಯುಪಡೆಯದು 1949ರಲ್ಲಿ ರಚನೆಗೊಂಡವು. ಅಲ್ಲಿ ನರ್ಸ್ ಮೊದಲು ಪಡೆಯನ್ನು ಆರಿಸಿ, ಆ ಪಡೆಯ ಅಧಿಕಾರಿ ತರಬೇತಿ ಮುಗಿಸಿ, ಬಳಿಕ ವಾರ್ಡಿಗೆ ಹೋಗುತ್ತಾಳೆ. ಭಾರತದಲ್ಲಿ ಸೈನಿಕ ಶುಶ್ರೂಷೆ ಬೆಳೆದದ್ದು ಭೂಸೇನೆಯ ಮಡಿಲಲ್ಲಿ. ದಳಕ್ಕೆ ಕಾನೂನಿನ ರೂಪ ಬಂದಾಗ ಇಲ್ಲಿನ ನೌಕಾಪಡೆ, ವಾಯುಪಡೆಗಳು ಇನ್ನೂ ಚಿಕ್ಕವು. ಮುಂದೆ ಅವು ದೊಡ್ಡವಾದಾಗಲೂ ಅದೇ ದಳ ಮೂರಕ್ಕೂ ನೆರವಾಗುತ್ತ ಬಂತು.

ಹಾಗಾಗಿ ನಮ್ಮ ಹುಡುಗಿ ಆರಿಸಬೇಕಾದದ್ದು ಪಡೆಯನ್ನಲ್ಲ, ದಾರಿಯನ್ನು. ದಾರಿಗಳು ಎರಡು. ಪಿಯುಸಿ ಮುಗಿಸಿ ಸೈನ್ಯದ ಕಾಲೇಜಿನಲ್ಲಿಯೇ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದುವುದು ಒಂದು. ಹೊರಗೆ ಪದವಿ ಪಡೆದು ನೇರವಾಗಿ ಅಲ್ಪಾವಧಿ ಕಮಿಷನ್ನಿಗೆ ಅರ್ಜಿ ಹಾಕುವುದು ಇನ್ನೊಂದು. ಮೊದಲ ದಾರಿಗೆ ಬುನಾದಿ ಬಿದ್ದದ್ದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 1964ರಲ್ಲಿ. ಬಳಿಕ ಕೋಲ್ಕತ್ತ, ಮುಂಬಯಿ, ದೆಹಲಿ, ಲಖನೌ, ಬೆಂಗಳೂರುಗಳ ಸೇನಾ ಆಸ್ಪತ್ರೆಗಳ ಕಾಲೇಜುಗಳು ಸೇರಿ ಆರಾದವು. ಇತ್ತೀಚಿನ ಪ್ರಕಟಣೆಗಳ ಪ್ರಕಾರ ಆರರಲ್ಲೂ ಸೇರಿ ಇಡೀ ದೇಶಕ್ಕೆ ಇರುವ ಸ್ಥಾನಗಳು 220, ಬೆಂಗಳೂರಿನಲ್ಲಿ 40. 2022ರಿಂದ ನೀಟ್ ಅಂಕಗಳೇ ಮೊದಲ ಜರಡಿ. ಅದರ ಮೇಲೆ ಸಾಮಾನ್ಯ ಬುದ್ಧಿಮತ್ತೆ ಹಾಗೂ ಇಂಗ್ಲಿಷ್ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ. ಆಯ್ಕೆಯಾದವಳಿಗೆ ಊಟ, ವಸತಿ, ಸ್ಟೈಪೆಂಡು ಉಂಟು. ಓದು ಮುಗಿದ ಮೇಲೆ ಸೇವೆ ಸಲ್ಲಿಸುವುದಾಗಿ ಬಾಂಡ್ ಬರೆದುಕೊಡಬೇಕು.

ಕಲ್ಯಾಣ ಕರ್ನಾಟಕದ ಮಕ್ಕಳು ಒಂದನ್ನು ನೆನಪಿಡಬೇಕು. ರಾಜ್ಯದ ಕಾಲೇಜುಗಳಲ್ಲಿ ಅವರ ಕೈಹಿಡಿಯುವ 371 (ಜೆ) ವಿಧಿಯ ಮೀಸಲಾತಿ ಇಲ್ಲಿಲ್ಲ. ಕೇರಳದ, ಪಂಜಾಬಿನ ಹುಡುಗಿಯರೊಡನೆ ಸಮನಾಗಿ ನಿಂತು ಗೆಲ್ಲಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಪರೀಕ್ಷೆಯೇ ದೊಡ್ಡ ದಿಣ್ಣೆ. ಅದನ್ನು ಪಿಯುಸಿಯ ಮೊದಲ ವರ್ಷದಿಂದಲೇ ಹತ್ತಲಾರಂಭಿಸಬೇಕು.

ಮದುವೆಯ ಬೆಲೆ

ಈ ದಳ ಹೆಣ್ಣಿಗೆ ಕೊಟ್ಟದ್ದು ಕಡಿಮೆಯಲ್ಲ. ಸೈನ್ಯದ ಬೇರೆ ವಿಭಾಗಗಳು 1992ರವರೆಗೆ ಮಹಿಳಾ ಅಧಿಕಾರಿಗಳಿಗೆ ಬಾಗಿಲು ತೆರೆಯಲಿಲ್ಲ. ವೈದ್ಯೆಯರನ್ನು ಬಿಟ್ಟರೆ ಅಲ್ಲಿಯವರೆಗೆ ಸಮವಸ್ತ್ರದಲ್ಲಿ ಅಧಿಕಾರ ನಡೆಸಿದವರು ಮುಖ್ಯವಾಗಿ ದಾದಿಯರೇ. 1976ರಲ್ಲಿ ದಳದ ಮುಖ್ಯಸ್ಥೆ ಗರ್ಟ್ರೂಡ್ ಆಲಿಸ್ ರಾಮ್ ಮೇಜರ್ ಜನರಲ್ ಆದರು. ಭಾರತೀಯ ಸೇನೆಯಲ್ಲಿ ಆ ಪದವಿಗೇರಿದ ಮೊದಲ ಮಹಿಳೆ ಅವರು. ಮಹಿಳೆಯೊಬ್ಬರು, ವೈದ್ಯೆ ಪುನೀತಾ ಅರೋರಾ, ಲೆಫ್ಟಿನೆಂಟ್ ಜನರಲ್ ಆಗಲು ಮತ್ತೆ 28 ವರ್ಷ ಹಿಡಿಯಿತು.

ಆದರೆ ಕೊಟ್ಟ ಕೈಯೇ ಕಸಿದುಕೊಂಡದ್ದೂ ಉಂಟು. 1977ರ ಸೇನಾ ಆದೇಶವೊಂದರ ಪ್ರಕಾರ ಮದುವೆಯಾದ ದಾದಿಯನ್ನು ಸೇವೆಯಿಂದ ಬಿಡುಗಡೆ ಮಾಡಬಹುದಾಗಿತ್ತು. 1988ರಲ್ಲಿ ಒಬ್ಬ ಲೆಫ್ಟಿನೆಂಟಳನ್ನು ಹೀಗೆಯೇ ಮನೆಗೆ ಕಳುಹಿಸಲಾಯಿತು. ಆಕೆ ಮದುವೆಯಾದದ್ದು ಸೇನಾಧಿಕಾರಿಯನ್ನೇ. ಅವನ ಕೆಲಸಕ್ಕೆ ಮಾತ್ರ ಯಾವ ಧಕ್ಕೆಯೂ ಬರಲಿಲ್ಲ! ಆ ಆದೇಶ 1995ರಲ್ಲಿ ರದ್ದಾಯಿತು. ಆಕೆಗೆ ನ್ಯಾಯ ಸಿಕ್ಕದ್ದು 2024ರ ಫೆಬ್ರವರಿಯಲ್ಲಿ. ಮದುವೆಯ ಕಾರಣಕ್ಕೆ ಹೆಣ್ಣನ್ನು ಕೆಲಸದಿಂದ ತೆಗೆಯುವುದು ತೀರಾ ಅನ್ಯಾಯವೆಂದು ಹೇಳಿ ಸುಪ್ರೀಂ ಕೋರ್ಟು 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟರಲ್ಲಿ 36 ವರ್ಷ ಕಳೆದಿದ್ದವು. ಹಣ ಬಂದೀತು, ಏರಬಹುದಾಗಿದ್ದ ಪದವಿಗಳು ಮರಳಿ ಬಂದಾವೆ?

ಧಾರವಾಡದ ತೀರ್ಪು

ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಇದೇ ನಾಣ್ಯದ ಇನ್ನೊಂದು ಮುಖವನ್ನು ಪರಿಶೀಲಿಸಿತು. 1943ರ ಸುಗ್ರೀವಾಜ್ಞೆಯ ಆರನೆಯ ಕಲಮು ದಳಕ್ಕೆ ಸೇರುವವರು ಮಹಿಳೆಯರೇ ಆಗಿರಬೇಕೆಂದು ಹೇಳುತ್ತದೆ. ನರ್ಸಿಂಗ್ ಓದಿದ ಗಂಡಸರೂ ಕರ್ನಾಟಕದ ನರ್ಸುಗಳ ಸಂಘವೂ ಇದನ್ನು ಪ್ರಶ್ನಿಸಿದ್ದರು. ಸಂವಿಧಾನ ಮಹಿಳೆಯರಿಗಾಗಿ ವಿಶೇಷ ಸೌಲಭ್ಯ ಕಲ್ಪಿಸಲು ಅವಕಾಶ ಕೊಟ್ಟಿದೆ ನಿಜ. ಆದರೆ ಈ ನಿಯಮ ಹುಟ್ಟಿದ್ದು ಹೆಣ್ಣಿನ ಏಳಿಗೆಗಾಗಿ ಅಲ್ಲ, ಯುದ್ಧಕಾಲದ ಅಗತ್ಯಕ್ಕಾಗಿ. ನೂರಕ್ಕೆ ನೂರು ಮೀಸಲಿಟ್ಟು ಉಳಿದವರನ್ನು ಹೊರಗಿಡುವುದು ಸಮಾನತೆಗೆ ವಿರುದ್ಧ ಎಂದು ನ್ಯಾಯಾಲಯ ತೀರ್ಮಾನಿಸಿ ಆ ಕಟ್ಟುಪಾಡನ್ನು ಅಸಿಂಧುವೆಂದಿತು. ಅಮೆರಿಕ ಈ ಹೆಜ್ಜೆಯನ್ನು 1955ರಲ್ಲಿಯೇ ಇಟ್ಟಿತ್ತು. ಬ್ರಿಟನ್ನಿನ ಭೂಸೇನೆಯ ದಾದಿಯರ ದಳ 1992ರಲ್ಲಿ ಗಂಡಸರನ್ನು ಸೇರಿಸಿಕೊಂಡಿತು.

ಎರಡೂ ತೀರ್ಪುಗಳ ಹಿಂದಿರುವುದು ಒಂದೇ ನಂಬಿಕೆ: ಶುಶ್ರೂಷೆ ಹೆಣ್ಣಿನ ಸ್ವಭಾವವೇ ಹೊರತು ವಿದ್ಯೆಯಲ್ಲ ಎಂಬುದು. ಸ್ವಭಾವವೆಂದಾದರೆ ಗಂಡಸಿಗೆ ಅದು ಬಾರದು; ಮದುವೆಯಾದ ಹೆಣ್ಣು ಆ ಸ್ವಭಾವವನ್ನು ಗಂಡನ ಮನೆಗೆ ಒಯ್ಯಬೇಕು. ವಿದ್ಯೆಯೆಂದಾದರೆ ಕಲಿತವರೆಲ್ಲರಿಗೂ ಅದು ಸಲ್ಲುತ್ತದೆ. ಕಲಿತದ್ದನ್ನು ಮದುವೆ ಅಳಿಸಲಾರದು. 1943ರಲ್ಲಿ ದಾದಿಯ ಹೆಗಲಿಗೆ ನಕ್ಷತ್ರ ಇಟ್ಟ ಸರ್ಕಾರ ಈ ಸಂಗತಿಯನ್ನು ಅರ್ಧ ಒಪ್ಪಿಕೊಂಡಿತ್ತು. ಉಳಿದರ್ಧಕ್ಕೆ ಎಂಬತ್ತು ವರ್ಷ ಕಾಯಬೇಕಾಯಿತು. ಬೇಮಳಖೇಡದ ಹುಡುಗಿ ಅರ್ಜಿ ತುಂಬುವಾಗ ಈ ಚರಿತ್ರೆ ಅವಳಿಗೆ ಗೊತ್ತಿರಲಿ. ಅವಳ ಮನೆಯವರಿಗೂ ಗೊತ್ತಿರಲಿ.