ಅರ್ಥವಾಗಿಲ್ಲವೆಂದು ಅರಿಯುವ ಪಾಠ

1917ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಎಡ್ವರ್ಡ್ ಥಾರ್ನ್‌ಡೈಕ್ ಶಾಲಾಮಕ್ಕಳ ತಪ್ಪು ಉತ್ತರಗಳನ್ನೇ ಅಧ್ಯಯನ ಮಾಡಿ ಪ್ರಬಂಧ ಬರೆದರು. ಮಕ್ಕಳಿಗೆ ಕೊಟ್ಟಿದ್ದ ಪ್ಯಾರಾಗಳಲ್ಲಿ ಒಂದು ಹೀಗಿತ್ತು: ಫ್ರಾಂಕ್ಲಿನ್ ಎಂಬ ಊರಿನಲ್ಲಿ 7ರಿಂದ 14 ವರ್ಷದವರು ಶಾಲೆ ನಡೆಯುವ ದಿನವೆಲ್ಲ ಬರಲೇಬೇಕು, ಕಾಯಿಲೆ ಬಿದ್ದರೆ, ಮನೆಯಲ್ಲಿ ಅಂಟುರೋಗವಿದ್ದರೆ ಅಥವಾ ರಸ್ತೆಯಲ್ಲಿ ನಡೆಯಲಾಗದಿದ್ದರೆ ಮಾತ್ರ ವಿನಾಯಿತಿ. ಪ್ಯಾರಾ ಕಣ್ಣೆದುರಿಗೇ ಇತ್ತು, ಎಷ್ಟು ಸಲ ಬೇಕಾದರೂ ಓದಬಹುದಿತ್ತು. ಆದರೂ ಉತ್ತರಗಳು ದಿಕ್ಕಾಪಾಲು. ಯಾವುದೋ ಒಂದು ಪದ ಕಣ್ಣಿಗೆ ಬಿದ್ದರೆ ಮಕ್ಕಳು ಅದನ್ನೇ ಹಿಡಿದುಕೊಂಡುಬಿಡುತ್ತಿದ್ದರು. ಓದುವುದೂ ಲೆಕ್ಕ ಬಿಡಿಸಿದಂತೆಯೇ, ಹೊಳೆದ ಅರ್ಥವನ್ನು ಒಪ್ಪುವ ಮುನ್ನ ತಾಳೆ ನೋಡಬೇಕು ಎಂಬುದು ಥಾರ್ನ್‌ಡೈಕರ ತೀರ್ಮಾನ. ಗಟ್ಟಿಯಾಗಿ ಓದಿಸುವ ಬದಲು ಮೌನವಾಗಿ ಓದಿಸಿ ಸಾರಾಂಶ ಹೇಳಿಸಿ ಎಂದೂ ಸೂಚಿಸಿದರು.

ತರಗತಿಯಲ್ಲಿ ಉಳಿದದ್ದು ಮಾತ್ರ ಪ್ರಶ್ನೆ ಕೇಳುವ ವಾಡಿಕೆ. 1970ರ ದಶಕದ ಕೊನೆಯಲ್ಲಿ ಸಂಶೋಧಕಿ ಡೊಲೊರೆಸ್ ಡರ್ಕಿನ್ ಅಮೆರಿಕದ ನಾಲ್ಕನೇ ತರಗತಿಗಳಲ್ಲಿ ಕೂತು 4,469 ನಿಮಿಷ ಓದಿನ ಪಾಠ ಗಮನಿಸಿದರು. ಅರ್ಥ ಮಾಡಿಕೊಳ್ಳುವುದು ಹೇಗೆಂದು ಕಲಿಸಿದ್ದು ಬರೀ 20 ನಿಮಿಷ! ಮಿಕ್ಕದ್ದರಲ್ಲಿ ಅರ್ಥವಾಯಿತೋ ಇಲ್ಲವೋ ಎಂಬ ತಪಾಸಣೆಗೇ ದೊಡ್ಡ ಪಾಲು.

ಅದೇ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಜಾನ್ ಫ್ಲಾವೆಲ್ ‘ಮೆಟಾಕಾಗ್ನಿಷನ್’ ಎಂಬ ಹೆಸರನ್ನು, ಅಂದರೆ ತನ್ನ ತಿಳಿವಿನ ಮೇಲೆ ತಾನೇ ಕಣ್ಣಿಡುವುದನ್ನು, ಚಲಾವಣೆಗೆ ತಂದರು. ಮಕ್ಕಳು ಹೀಗೆ ಕಣ್ಣಿಡುತ್ತಾರೆಯೇ ಎಂದು ನೋಡಲು ಸಂಶೋಧಕಿ ಎಲೆನ್ ಮಾರ್ಕ್‌ಮನ್ ಅವರಿಗೆ ಬೇಕೆಂದೇ ಕೆಡಿಸಿದ ಬರಹಗಳನ್ನು ಕೊಟ್ಟರು. ಕಡಲ ತಳದಲ್ಲಿ ಬೆಳಕೇ ಇಲ್ಲ ಎನ್ನುತ್ತಿತ್ತು ಒಂದು. ಅಲ್ಲಿನ ಮೀನು ಬಣ್ಣ ನೋಡಿ ಆಹಾರ ಗುರುತಿಸುತ್ತದೆ ಎಂದೂ ಹೇಳುತ್ತಿತ್ತು. ಆರನೇ ತರಗತಿಯ ಎಷ್ಟೋ ಮಕ್ಕಳಿಗೂ ಇದರಲ್ಲಿ ಎಡವಟ್ಟು ಕಾಣಲಿಲ್ಲ. ಏನೋ ಹೊಂದಿಕೆಯಾಗುತ್ತಿಲ್ಲ ಎಂದು ಮುಂಚೆಯೇ ಸುಳಿವು ಕೊಟ್ಟರೆ ದೊಡ್ಡ ಮಕ್ಕಳು ಹೆಚ್ಚು ಚುರುಕಾಗಿ ಹುಡುಕುತ್ತಿದ್ದರು. ಅಂದರೆ ಬುದ್ಧಿಗೆ ಬರ ಇರಲಿಲ್ಲ, ಅನುಮಾನಿಸುವ ಅಭ್ಯಾಸಕ್ಕಿತ್ತು.

ಆ ಅಭ್ಯಾಸಕ್ಕೆ ಒಂದು ಪಾಠಕ್ರಮ ಸಿಕ್ಕಿತು. ಆನ್ಮರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಅಕ್ಷರ ಸರಾಗವಾಗಿ ಓದಿದರೂ ಅರ್ಥ ಹಿಡಿಯಲಾರದ ಏಳನೇ ತರಗತಿಯ ಮಕ್ಕಳು ಸರದಿಯ ಮೇಲೆ ಮೇಷ್ಟರಾಗುತ್ತಿದ್ದರು: ಸಾರ ಹೇಳು, ಪ್ರಶ್ನೆ ಕಟ್ಟು, ತೊಡಕು ಬಿಡಿಸು, ಮುಂದೇನು ಬರಬಹುದೆಂದು ಊಹಿಸು. ಮೊದಮೊದಲು ಪ್ರಶ್ನೆ ಕಟ್ಟಲು ಬಾರದೆ ತಡವರಿಸಿದಾಗ ಶಿಕ್ಷಕಿಯೇ ವಾಕ್ಯ ಎತ್ತಿಕೊಡುತ್ತಿದ್ದರು. ಮಕ್ಕಳು ಕುದುರಿದಂತೆ ಶಿಕ್ಷಕಿ ಹಿಂದೆ ಸರಿಯುತ್ತಿದ್ದರು. ಅಂಕಗಳು ಗಣನೀಯವಾಗಿ ಏರಿದವು, ತರಗತಿಯ ಮಾಮೂಲಿ ಪರೀಕ್ಷೆಗಳಲ್ಲೂ.