ಕೃಷ್ಣಾತೀರಕ್ಕೆ ಸೈಕಲ್ಲು ಬಂದ ಬಗೆ

ಬೆಳಗಾವಿಯಿಂದ ಮಿರಜಿಗೆ ಹೋಗುವ ರೈಲು ರಾಯಬಾಗ, ಚಿಂಚಲಿಗಳನ್ನು ಹಿಂದಿಕ್ಕಿ, ಕುಡಚಿಯನ್ನು ಬಿಟ್ಟೊಡನೆ ಕೃಷ್ಣೆಯ ಸೇತುವೆಯನ್ನು ದಾಟಿ ಉಗಾರ ಖುರ್ದಕ್ಕೆ ಬರುತ್ತದೆ. ಖುರ್ದವೆಂದರೆ ಚಿಕ್ಕದು, ಬುದ್ರುಕವೆಂದರೆ ದೊಡ್ಡದು. ಆದರೆ ೧೯೩೯ರಲ್ಲಿ ಸಕ್ಕರೆಯ ಕಾರಖಾನೆಯು ಸ್ಥಾಪನೆಯಾದಂದಿನಿಂದ ಚಿಕ್ಕ ಉಗಾರದ ಹೆಸರೇ ದೊಡ್ಡದಾಗಿ ಕೇಳಬಂದಿತು. ಕಬ್ಬಿನ ನಾಡಿನ ಇಂಥ ಊರುಗಳಲ್ಲಿ ಬಹುಕಾಲದವರೆಗೆ ದುಡಿಯುವವನ ವಾಹನವೆಂದರೆ ಸೈಕಲ್ಲು. ಪಾಳಿಗೆ ಹೋಗುವವನು ಅದರ ಹ್ಯಾಂಡಲಿಗೆ ಬುತ್ತಿಯ ಗಂಟನ್ನು ತೂಗುಹಾಕಿದನು. ಹಾಲಿನವನು ಎರಡೂ ಬದಿಗೆ ಕ್ಯಾನುಗಳನ್ನು ಕಟ್ಟಿದನು. ಒಕ್ಕಲಿಗನು ಹಿಂದಿನ ಕ್ಯಾರಿಯರಿನ ಮೇಲೆ ಮೇವಿನ ಹೊರೆಯನ್ನು ಹೇರಿದನು. ಬಡವನ ಕುದುರೆಯೆಂದು ಹೆಸರಾದ ಈ ಯಂತ್ರವು ಮೊದಲಿಗೆ ಈ ಜಿಲ್ಲೆಗೆ ಬಂದುದು ಬಡವರಿಗಾಗಿ ಅಲ್ಲವೆಂಬುದು ಇಂದು ಅನೇಕರಿಗೆ ಮರೆತುಹೋಗಿದೆ. ಅದರ ಜಾಡನ್ನು ಹಿಡಿದು ಹಿಂದಕ್ಕೆ ಹೋದರೆ ಒಂದು ಎಳೆಯು ಬೆಳಗಾವಿಗೂ ಇನ್ನೊಂದು ಫ್ರಾನ್ಸ ದೇಶಕ್ಕೂ ಮುಟ್ಟುತ್ತದೆ.

ಕಾಲಿನಿಂದ ನೆಲವನ್ನು ಒದೆಯುತ್ತ ಮುಂದೆ ಸಾಗುವ ಎರಡು ಗಾಲಿಯ ಬಂಡಿಯನ್ನು ೧೮೧೭ರಲ್ಲಿ ಜರ್ಮನಿಯ ಕಾರ್ಲ್ ದ್ರೈಸನು ಮಾಡಿದನು. ಮುಂದಿನ ಗಾಲಿಗೆ ಪೆಡಲುಗಳನ್ನು ಕೂಡಿಸಿದ ಬಂಡಿಗಳು ೧೮೬೦ರ ದಶಕದಲ್ಲಿ ಪ್ಯಾರಿಸಿನಲ್ಲಿ ಮಾರಾಟಕ್ಕೆ ಬಂದವು. ೧೮೬೯ನೆಯ ನವೆಂಬರ ೭ರಂದು ಪ್ಯಾರಿಸಿನಿಂದ ರೂಆಂ ಪಟ್ಟಣದವರೆಗೆ, ಸುಮಾರು ೧೨೩ ಕಿಲೋಮೀಟರಿನ ಶರ್ಯತ್ತು ನಡೆಯಿತು. ಗೆದ್ದ ಜೇಮ್ಸ್ ಮೂರನಿಗೆ ಹಿಡಿದ ಹೊತ್ತು ಹತ್ತು ತಾಸು ನಲವತ್ತು ನಿಮಿಷ. ಗಾಳಿ ತುಂಬಿದ ರಬ್ಬರಿನ ಟಾಯರು ಇನ್ನೂ ಬಳಕೆಗೆ ಬಂದಿರಲಿಲ್ಲವಾದುದರಿಂದ ಆ ಕಾಲದ ಸವಾರನ ಎಲುಬುಗಳ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು. ಅಂಥ ಟಾಯರನ್ನು ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪನು ಪ್ರಚಾರಕ್ಕೆ ತಂದುದು ೧೮೮೮ರಲ್ಲಿ.

ಅದೇ ಸುಮಾರಿಗೆ ಸೇಂತ್ ಏತಿಯೆನ್ ಎಂಬ ಪಟ್ಟಣದಲ್ಲಿ ಪಾಲ್ ದ ವಿವೀ ಎಂಬ ರೇಷ್ಮೆಯ ವ್ಯಾಪಾರಿಯು ತನ್ನ ವ್ಯಾಪಾರವನ್ನು ಬದಿಗಿಟ್ಟು ಸೈಕಲ್ಲಿನ ಬೆನ್ನು ಹತ್ತಿದನು. ಆತನು ವೆಲೋಸಿಯೋ ಎಂಬ ಹೆಸರಿನಿಂದ ಬರೆಯುತ್ತಿದ್ದನು. ೧೮೮೭ರಲ್ಲಿ ಆರಂಭಿಸಿದ ಮಾಸಪತ್ರಿಕೆಯನ್ನು ದಶಕಗಳವರೆಗೆ ನಡೆಯಿಸಿದನು. ಸೈಕಲ್ಲು ಪಣ ಕಟ್ಟಿ ಓಡಿಸುವ ಯಂತ್ರವಲ್ಲ, ದೇಶವನ್ನು ಕಣ್ಣಾರೆ ಕಾಣುವ ಸಾಧನವೆಂಬುದು ಆತನ ನಿಲುವು. ಈಸ್ಟರ ಹಬ್ಬದ ಸಮಯದಲ್ಲಿ ಗೆಳೆಯರೊಡನೆ ರೋನ್ ನದಿಯ ಕಣಿವೆಯನ್ನು ಹಿಡಿದು ತೆಂಕಣ ಪ್ರೊವಾನ್ಸಿಗೆ ಇಳಿಯುವುದು ಆತನ ಪರಿಪಾಠವಾಗಿದ್ದಿತು. ಅಲ್ಲಿ ಗುಡ್ಡಗಳು ಬಹಳ. ಅದಕ್ಕಾಗಿ ಏರಿಗೊಂದು, ಇಳಿಜಾರಿಗೊಂದು ಗಿಯರು ಬೇಕೆಂದು ಆತನು ಹಟ ಹಿಡಿದನು. ಪ್ರಸಿದ್ಧವಾದ ಫ್ರಾನ್ಸ ಸುತ್ತಿನ ಶರ್ಯತ್ತಿನವರು ಗಿಯರು ಬದಲಿಸುವ ಸಾಧನಕ್ಕೆ ೧೯೩೭ರವರೆಗೆ ಒಪ್ಪಿಗೆಯನ್ನೇ ಕೊಡಲಿಲ್ಲ; ವೆಲೋಸಿಯೋ ೧೯೩೦ರಲ್ಲಿಯೇ ತೀರಿಹೋಗಿದ್ದನು. ದ್ರಾಕ್ಷಾರಸಕ್ಕೆ ಜಗತ್ಪ್ರಸಿದ್ಧವಾದ ನಾಡಿನಲ್ಲಿ ಹುಟ್ಟಿಯೂ ಆತನು ಸವಾರರಿಗೆ ಕೊಟ್ಟ ಬುದ್ಧಿವಾದದಲ್ಲಿ ಒಂದು ನಮ್ಮ ಹಿರಿಯರ ಮಾತಿನಂತಿದೆ: ದಾರಿಯಲ್ಲಿರುವಷ್ಟು ಕಾಲವಾದರೂ ಮಾಂಸ, ಮದ್ಯ, ತಂಬಾಕುಗಳು ಬೇಡ. ೧೯೩೬ರಲ್ಲಿ ಆ ದೇಶದ ಕಾರ್ಮಿಕರಿಗೆ ಸಂಬಳಸಹಿತ ಎರಡು ವಾರಗಳ ರಜೆ ದೊರೆತಾಗ ಅಸಂಖ್ಯ ಜನರು ಸೈಕಲ್ಲನ್ನೇರಿ ಹೊಳೆಯ ದಂಡೆಗೂ ಕಡಲಿನ ತೀರಕ್ಕೂ ಹೊರಟರು. ಹೀಗೆ ಒಬ್ಬನ ಹವ್ಯಾಸವಾಗಿದ್ದುದು ಒಂದು ಜನಾಂಗದ ರೂಢಿಯಾಯಿತು.

ಇನ್ನು ಬೆಳಗಾವಿಯ ಕಡೆಗೆ ತಿರುಗೋಣ. ಪ್ಯಾರಿಸ್–ರೂಆಂ ಶರ್ಯತ್ತು ನಡೆದ ೧೮೬೯ರಲ್ಲಿಯೇ ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಲಕ್ಷ್ಮಣರಾವ ಕಿರ್ಲೋಸ್ಕರರು ಜನಿಸಿದರು. ಮುಂಬಯಿಗೆ ಹೋಗಿ ಚಿತ್ರಕಲೆಯನ್ನು ಕಲಿಯಲಾರಂಭಿಸಿದರು. ಕೆಲವು ಬಣ್ಣಗಳ ಭೇದವನ್ನು ಅವರ ಕಣ್ಣು ಗುರುತಿಸದಿದ್ದುದರಿಂದ ಅದನ್ನು ಬಿಟ್ಟು ಯಂತ್ರಗಳ ರೇಖಾಚಿತ್ರಕ್ಕೆ ತಿರುಗಿ, ವಿಕ್ಟೋರಿಯಾ ಜುಬಿಲಿ ಸಂಸ್ಥೆಯಲ್ಲಿ ಶಿಕ್ಷಕರಾದರು. ಮುಂಬಯಿಯ ಬೀದಿಯಲ್ಲಿ ಪಾರಸಿ ಗೃಹಸ್ಥನೊಬ್ಬನು ಸೈಕಲ್ಲಿನ ಮೇಲೆ ಹೋಗುತ್ತಿದ್ದುದನ್ನು ಕಂಡು ಅವರ ಮನಸ್ಸು ಅದರ ಮೇಲೆ ಹೋಯಿತು. ಸೈಕಲ್ಲುಗಳನ್ನು ಕೊಂಡು ಬೆಳಗಾವಿಯಲ್ಲಿದ್ದ ಅಣ್ಣ ರಾಮುವಣ್ಣನವರಿಗೆ ಕಳುಹಿದರು. ೧೮೮೮ರಲ್ಲಿ ತೊಡಗಿದ ಈ ಅಂಗಡಿಯೇ ಮುಂದೆ ‘ಕಿರ್ಲೋಸ್ಕರ ಬ್ರದರ್ಸ್’ ಆಯಿತು. ಮನೆತನದವರು ಹೇಳುತ್ತ ಬಂದ ಮೇರೆಗೆ ಒಂದೊಂದು ಸೈಕಲ್ಲಿನ ಬೆಲೆ ಏಳುನೂರರಿಂದ ಸಾವಿರ ರೂಪಾಯಿ. ಸವಾರಿಯನ್ನು ಕಲಿಸುವುದಕ್ಕೆ ಹದಿನೈದು ರೂಪಾಯಿ ಬೇರೆ. ಆ ಕಾಲದ ರೂಪಾಯಿಯ ಬೆಲೆಯನ್ನು ಬಲ್ಲವರಿಗೆ ಗಿರಾಕಿಗಳು ಎಂಥವರಿದ್ದಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಊರುಗಳಿಗೆ ಒಂದೇ ಯಂತ್ರ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ದೊರೆಯಿತು. ಆದರೆ ಅದರಿಂದ ಹುಟ್ಟಿದುದು ಬೇರೆಬೇರೆ. ಸೇಂತ್ ಏತಿಯೆನ್ನಿನ ವ್ಯಾಪಾರಿಗೆ ಸೈಕಲ್ಲು ದಾರಿಯನ್ನು ತೋರಿಸಿತು. ಬೆಳಗಾವಿಯ ಸಹೋದರರಿಗೆ ಕಬ್ಬಿಣದ ಗುಟ್ಟನ್ನು ತೋರಿಸಿತು. ಮುಂಬಯಿಯ ಕೆಲಸದಲ್ಲಿ ತಮಗೆ ಸಲ್ಲಬೇಕಾದ ಬಡತಿ ಬೇರೊಬ್ಬರ ಪಾಲಾದುದನ್ನು ಕಂಡು ಲಕ್ಷ್ಮಣರಾಯರು ರಾಜೀನಾಮೆಯನ್ನಿತ್ತು ಊರಿಗೆ ಮರಳಿದರು. ಸೈಕಲ್ಲಿನ ದುರಸ್ತಿಯ ಅಂಗಡಿಯಲ್ಲಿ ಮೇವು ಕತ್ತರಿಸುವ ಯಂತ್ರ ಸಿದ್ಧವಾಯಿತು, ಬಳಿಕ ಕಬ್ಬಿಣದ ನೇಗಿಲು. ಕಬ್ಬಿಣವು ಭೂಮಿಗೆ ವಿಷವನ್ನು ಬೆರೆಸುತ್ತದೆಂದು ಒಕ್ಕಲಿಗರು ಅಂಜಿದರು; ಮೊದಲನೆಯ ನೇಗಿಲು ಮಾರಾಟವಾಗುವುದಕ್ಕೆ ಎರಡು ವರ್ಷ ಹಿಡಿಯಿತೆಂದು ಪ್ರತೀತಿ. ಅಷ್ಟರಲ್ಲಿ ಊರನ್ನು ವಿಸ್ತರಿಸಬೇಕೆಂದು ಬೆಳಗಾವಿಯ ನಗರಸಭೆಯು ಅವರ ಜಾಗವನ್ನು ತೆರವು ಮಾಡಿಸಿತು. ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ್ ರೋಡ್ ನಿಲ್ದಾಣದ ಬಳಿ ಕಳ್ಳಿ ಬೆಳೆದ ಮೂವತ್ತೆರಡು ಎಕರೆ ನೆಲವನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. ೧೯೧೦ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿಯು ಹುಟ್ಟಿತು. ಬೆಳಗಾವಿಯಿಂದ ಅಲ್ಲಿಗೆ ಹೋಗುವ ರೈಲು ದಾರಿಯೂ ಕುಡಚಿ–ಉಗಾರಗಳ ನಡುವಿನ ಸೇತುವೆಯದೇ. ಸೈಕಲ್ಲಿನ ಅಂಗಡಿಯಿದ್ದ ಬೆಳಗಾವಿಗೆ ಉಳಿದುದು ಕಿರ್ಲೋಸ್ಕರ ರಸ್ತೆಯೆಂಬ ಹೆಸರು.

ಈ ಕಣಿವೆಗೆ ನೇಗಿಲು ಬೇಕಾಗಿತ್ತು. ಆದುದರಿಂದ ಲಕ್ಷ್ಮಣರಾಯರು ದಾರಿ ತಪ್ಪಿದರೆಂದು ಯಾರೂ ಹೇಳಲಾರರು. ಆದರೆ ಅವರು ಕೈಬಿಟ್ಟ ಸೈಕಲ್ಲನ್ನು ನಮ್ಮ ವಿದ್ಯಾವಂತರು ಕೈಗೆತ್ತಿಕೊಳ್ಳಲಿಲ್ಲವೆಂಬುದು ನಿಜ. ಮುಂಬಯಿಯ ಪಾರಸಿ ತರುಣರು ೧೯೨೩ರಲ್ಲಿ ಸೈಕಲ್ಲಿನ ಮೇಲೆ ಲೋಕಪ್ರದಕ್ಷಿಣೆಗೆ ಹೊರಟು, ಅವರಲ್ಲಿ ಹಕೀಮ, ಬಾಪಸೋಲಾ, ಭೂಮಗಾರಾ ಎಂಬ ಮೂವರು ೧೯೨೮ರಲ್ಲಿ ಸುತ್ತನ್ನು ಮುಗಿಸಿ ಬಂದರು. ಕೃಷ್ಣಾತೀರದಲ್ಲಿ ಮಾತ್ರ ಸೈಕಲ್ಲು ಅಗ್ಗವಾದಂತೆ ಮಾನವನ್ನೂ ಕಳೆದುಕೊಂಡಿತು. ತಾಸಿನ ಬಾಡಿಗೆಗೆ ಕೊಡುವ ಅಂಗಡಿಗಳಾದವು, ಮದುವೆಯಲ್ಲಿ ಅಳಿಯನಿಗೆ ಗಡಿಯಾರದ ಜೊತೆಗೆ ಅದನ್ನೂ ಕೊಡುವುದಾಯಿತು, ಜಾತ್ರೆಗಳಲ್ಲಿ ಶರ್ಯತ್ತುಗಳಾದವು. ೨೦೦೬–೦೭ರಿಂದ ಅನೇಕ ವರ್ಷ ಸರಕಾರವು ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿದುದರಿಂದ ದೂರದ ತೋಟದ ಮನೆಗಳ ಹುಡುಗಿಯರೂ ಶಾಲೆಯನ್ನು ಕಂಡರು. ಇದು ಸಣ್ಣ ಮಾತಲ್ಲ. ಆದರೆ ಹಣವುಳ್ಳವನು ಮೋಟಾರನ್ನು ಕೊಂಡೊಡನೆ ಸೈಕಲ್ಲನ್ನು ಆಳಿಗೆ ಕೊಟ್ಟನು. ಊರೂರು ಕಾಣುವುದಕ್ಕಾಗಿಯೇ ಅದನ್ನೇರಿ ಹೊರಡುವವನನ್ನು ಕಂಡು ಕೆಲಸವಿಲ್ಲದವನೆಂದು ನಕ್ಕನು.

ಫ್ರಾನ್ಸಿನಲ್ಲಿ ಇಂದು ಲ್ವಾರ್ ನದಿಯ ಗುಂಟ ಸುಮಾರು ಒಂಬೈನೂರು ಕಿಲೋಮೀಟರು ಉದ್ದದ ಸೈಕಲ್ ದಾರಿಯುಂಟು. ಪ್ರವಾಸಿಕನು ರೈಲಿನಲ್ಲಿ ಬಂದು ಇಳಿದು, ದ್ರಾಕ್ಷಿಯ ತೋಟಗಳನ್ನೂ ಹಳೆಯ ಅರಮನೆಗಳನ್ನೂ ನೋಡುತ್ತ, ದಣಿದಲ್ಲಿ ಮತ್ತೆ ರೈಲನ್ನೇರುತ್ತಾನೆ. ಮೋಟಾರಿನ ಗೊಡವೆ ಅವನಿಗಿಲ್ಲ. ಕೃಷ್ಣೆಯ ದಂಡೆಯಲ್ಲಿಯೂ ಇಂಥ ಅನುಕೂಲಗಳು ಇವೆ. ರಾಯಬಾಗದಿಂದ ಮಿರಜಿಯವರೆಗೆ ಹತ್ತಿರ ಹತ್ತಿರ ನಿಲ್ದಾಣಗಳಿವೆ. ನೆಲ ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ವೆಲೋಸಿಯೋ ಹೋರಾಡಿದ ಗಿಯರುಗಳೂ ಇಲ್ಲಿ ಬೇಕಾಗವು. ದ್ರಾಕ್ಷಿಗೂ ಕೊರತೆಯಿಲ್ಲ: ಅಥಣಿಯ ಮೂಡಣ ಭಾಗದಿಂದ ವಿಜಯಪುರದವರೆಗಿನ ಒಣನೆಲದಲ್ಲಿ ತೋಟಗಳೂ ಒಣದ್ರಾಕ್ಷಿಯ ಶೆಡ್ಡುಗಳೂ ಕಾಣಸಿಗುತ್ತವೆ. ೨೦೦೭ರ ಸರಕಾರಿ ದ್ರಾಕ್ಷಾರಸದ ಧೋರಣೆಯಲ್ಲಿ ನಂದಿ ಕಣಿವೆಯೊಡನೆ ಕೃಷ್ಣಾ ಕಣಿವೆಯ ಹೆಸರೂ ಸೇರಿದೆ. ಅರಮನೆಗಳ ಬದಲು ಯಡೂರಿನ ವೀರಭದ್ರನೂ ಚಿಂಚಲಿಯ ಮಾಯಕ್ಕನೂ ಇದ್ದಾರೆ. ಹೊಳೆಯಾಚೆ ಖಿದ್ರಾಪುರದಲ್ಲಿ ಶಿಲಾಹಾರರ ಕಾಲದ ಕೋಪೇಶ್ವರನ ಗುಡಿಯುಂಟು. ಕಾಗವಾಡದಿಂದ ಜುಗೂಳದವರೆಗೆ ಸೈಕಲ್ಲಿನ ಮೇಲೆ ಹೋಗುವವನಿಗೆ ಆ ಗುಡಿ ಇರುವುದು ಹೊಳೆಯ ಆಚೆ ದಡದಲ್ಲಿಯೇ. ಮೋಟಾರಿನವನು ಪರರಾಜ್ಯದ ಊರೆಂದು ಅದನ್ನು ದೂರವೆಂದೆಣಿಸುತ್ತಾನೆ.

ಹೊರಡುವವನು ಕಾಲವನ್ನು ಮಾತ್ರ ನೋಡಿ ಹೊರಡಬೇಕು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೂ ಮಡಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ಲೇ ಸವಾರನ ಹೆಗಲನ್ನೇರುತ್ತದೆ. ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಬಿಸಿಲು ಬಿಡದು. ಉಳಿದುದು ಕಾರ್ತಿಕದಿಂದ ಮಾಘದವರೆಗಿನ ಚಳಿಯ ದಿನಗಳು. ಆದರೆ ಕಬ್ಬಿನ ಕಟಾವು ನಡೆಯುವುದೂ ಆಗಲೇ. ಉಗಾರದ ದಾರಿಯಲ್ಲಿ ಕಬ್ಬನ್ನು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿಗಳನ್ನು ಎಳೆಯುತ್ತ ಇಡಿಯ ರಸ್ತೆಯನ್ನು ಹಿಡಿದು ಬರುತ್ತವೆ. ಅವು ದಾಟುವವರೆಗೆ ಸೈಕಲ್ಲಿನವನು ಕೆಳಗಿಳಿದು ಹೊಲದ ಬದುವಿನ ಮೇಲೆ ನಿಲ್ಲಬೇಕಾಗುತ್ತದೆ.