ಕಂಪೌಂಡರ್ ಮೇಜಿನಿಂದ ಫಾರ್ಮಸಿ ಕಾಲೇಜಿಗೆ

ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ಕೊಡಗಿನ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಮೆಡಿಕಲ್ ಸಿಗದಿದ್ದರೆ ಫಾರ್ಮಸಿಯಾದರೂ ಓದಲಿ." ಈ 'ಆದರೂ' ಎಂಬುದಕ್ಕೆ ನನ್ನ ತಕರಾರಿದೆ.

ನನ್ನ ಓರಗೆಯವರಿಗೆ ಕಂಪೌಂಡರ್ ನೆನಪಿರಬೇಕು. ಆಸ್ಪತ್ರೆಗೆ ಹೋಗುವವರು ತೊಳೆದ ಸೀಸೆಯನ್ನು ಮನೆಯಿಂದಲೇ ಒಯ್ಯುತ್ತಿದ್ದರು. ಅದಕ್ಕೆ ಮಿಕ್ಸ್ಚರ್ ತುಂಬಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅವರು ಅಂಟಿಸಿಕೊಡುತ್ತಿದ್ದರು. ಒಂದು ಹಲ್ಲಿನ ಅಳತೆ ಒಂದು ಹೊತ್ತಿಗೆ. ಹಿಂದೆ ಮಲೇರಿಯಾ ಕಾಡುತ್ತಿದ್ದ ಕೊಡಗಿನಲ್ಲಿ ಕ್ವಿನೈನ್‌ನ ಕಹಿ ಅರಿಯದವರು ವಿರಳ. ಕ್ವಿನೈನ್ ಸಲ್ಫೇಟ್ ಬರಿಯ ನೀರಿನಲ್ಲಿ ಸುಲಭವಾಗಿ ಕರಗದು. ಸಾರರಿಕ್ತ ಗಂಧಕಾಮ್ಲದ ಕೆಲವು ಹನಿ ಬೇಕು. ಕರಗದೆ ತಳದಲ್ಲಿ ನಿಂತರೆ ಮೊದಲ ಗುಟುಕಿನಲ್ಲಿ ಔಷಧವೇ ಇರದು, ಕೊನೆಯ ಗುಟುಕಿನಲ್ಲಿ ಮಿತಿಮೀರಿರುತ್ತದೆ. ಇಷ್ಟು ಹೊಣೆಯ ಕೆಲಸವನ್ನು ಬಹುಮಂದಿ ಕಲಿತದ್ದು ಹಿರಿಯರ ಪಕ್ಕದಲ್ಲಿ ನಿಂತು, ನೋಡಿ ನೋಡಿ.

1930ರಲ್ಲಿ ನೇಮಕವಾದ ಕರ್ನಲ್ ಆರ್. ಎನ್. ಚೋಪ್ರಾ ಅವರ ಸಮಿತಿಯು ಕಲಬೆರಕೆ ಔಷಧಗಳ ಹಾವಳಿಯನ್ನು ಪರಿಶೀಲಿಸಿ, ಕಾನೂನೂ ಕ್ರಮಬದ್ಧ ಶಿಕ್ಷಣವೂ ಅಗತ್ಯವೆಂದಿತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಬೋಧನೆ ಆರಂಭಿಸಿದರು, 1937ರಲ್ಲಿ ಬಿ.ಫಾರ್ಮ್ ಪದವಿ ಬಂದಿತು. (ಆ ವಿಶ್ವವಿದ್ಯಾಲಯದ ಪ್ರಥಮ ಕುಲಾಧಿಪತಿಗಳು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೆಂಬುದನ್ನು ಮರೆಯಬಾರದು!) 1940ರಲ್ಲಿ ಔಷಧ ಕಾಯಿದೆ, 1948ರಲ್ಲಿ ಫಾರ್ಮಸಿ ಕಾಯಿದೆ ಜಾರಿಗೆ ಬಂದವು.

ಕೊಡಗು 1956ರಲ್ಲಿ ಮೈಸೂರು ರಾಜ್ಯದೊಡನೆ ಸೇರಿದಾಗ ಫಾರ್ಮಸಿ ಕಾಲೇಜು ನಮಗೆ ದೂರದ ಮಾತು. ಮಣಿಪಾಲದಲ್ಲಿ 1963ರಲ್ಲಿ, ಬೆಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ 1964ರಲ್ಲಿ, ಮೈಸೂರಿನ ಜೆ.ಎಸ್.ಎಸ್.ನಲ್ಲಿ 1973ರಲ್ಲಿ ಅವಕಾಶ ತೆರೆಯಿತು. ಮಡಿಕೇರಿಯ ಹುಡುಗ ಘಟ್ಟವನ್ನಿಳಿಯಬೇಕು, ಇಲ್ಲವೇ ಮೈಸೂರಿನ ಬಸ್ಸು ಹತ್ತಬೇಕು. ಹಾಸ್ಟೆಲಿನ ಖರ್ಚು ಬೇರೆ.

ಈಗ ಡಿ.ಫಾರ್ಮ್ ಎರಡು ವರ್ಷ, ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ, ಬಿ.ಫಾರ್ಮ್ ನಾಲ್ಕು ವರ್ಷ. 2008ರಲ್ಲಿ ಬಂದ ಫಾರ್ಮ್.ಡಿ ಆರು ವರ್ಷ. ಬಳಿಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ. ವೈದ್ಯರ ಚೀಟಿಗೆ ಔಷಧ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಎಂಬ 42ನೆಯ ಕಲಮು 1984ರ ಸೆಪ್ಟೆಂಬರ್ 1ರಿಂದ ದೇಶದಾದ್ಯಂತ ಅನ್ವಯಿಸುತ್ತಿದೆ.

ಆದರೂ ಎಷ್ಟೋ ಅಂಗಡಿಗಳಲ್ಲಿ ಪ್ರಮಾಣಪತ್ರ ಗೋಡೆಯ ಮೇಲೆ, ಅದರ ಒಡೆಯರು ಇನ್ನೆಲ್ಲೋ. ಮಾತ್ರೆ ಕೊಡುವವನು ಮೊನ್ನೆ ಕೆಲಸಕ್ಕೆ ಸೇರಿದ ಹುಡುಗ. ಹಳೆಯ ಕಂಪೌಂಡರ್ ಕನಿಷ್ಠಪಕ್ಷ ತಾವೇ ನಿಂತು ಅಳೆದು ಕೊಡುತ್ತಿದ್ದರು. 2015ರ ನಿಯಮಾವಳಿಯಂತೆ ಫಾರ್ಮಸಿಸ್ಟರು ಬಿಳಿಯ ಕೋಟಿನ ಮೇಲೆ ಹೆಸರು ಮತ್ತು ನೋಂದಣಿ ಸಂಖ್ಯೆಯ ಬಿಲ್ಲೆ ಧರಿಸಬೇಕು. ಮುಂದಿನ ಸಲ ಔಷಧ ಕೊಳ್ಳುವಾಗ ಅದನ್ನು ಕಣ್ಣಿಟ್ಟು ನೋಡಿ. ಇಲ್ಲದಿದ್ದರೆ ಫಾರ್ಮಸಿಸ್ಟರು ಎಲ್ಲಿ ಎಂದು ಸಂಕೋಚವಿಲ್ಲದೆ ಕೇಳಿ.